ಅದು ಯಾವ ಜ್ವರ?

ಹೊಳಲ್ಕೆರೆ ಸೀಮೆಯ ನನ್ನ ತವರಿನಲ್ಲಿ ಹಿಂದೆ ಮನೆಯೊಳಗೆ ಇಲಿ ಸತ್ತು ಬಿದ್ದರೆ ಅದೇ ವೈದ್ಯರ ಚೀಟಿ. ಅಂದೇ ಮನೆ ಬಿಟ್ಟು ಊರಾಚೆಯ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಹಳೆ ಮೈಸೂರು ಸೀಮೆಯನ್ನು ದಶಕಗಟ್ಟಲೆ ಕಾಡಿತು. ಅಲ್ಲಲ್ಲಿ ಪ್ಲೇಗಿನ ಮಾರಮ್ಮನ ಗುಡಿಗಳು ಎದ್ದದ್ದೂ ಆಗಲೇ.

ನನ್ನ ಅಜ್ಜಿಯ ತಂಗಿಗೆ ಆಗ ಹನ್ನೊಂದು ವರ್ಷ. ಜ್ವರ ಬಂತೆಂದು ಅವಳೊಬ್ಬಳನ್ನೇ ಬೇರೆ ಗುಡಿಸಲಿನಲ್ಲಿ ಮಲಗಿಸಿದರು. ಗಂಜಿಯ ಚೊಂಬನ್ನು ಬಾಗಿಲಲ್ಲಿಟ್ಟು ಬರುತ್ತಿದ್ದವಳು ಅಜ್ಜಿ. ನಾಲ್ಕನೆಯ ದಿನ ಚೊಂಬು ಇಟ್ಟಲ್ಲೇ ಇತ್ತು. "ಕಂಕುಳಲ್ಲಿ ಗಂಟೂ ಇರಲಿಲ್ಲ ಕಣೇ, ಬರೀ ಚಳಿಜ್ವರ. ಅದು ಯಾವ ಜ್ವರವೋ!" ಎಂದು ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದಳು. ಮಾರಿಕಣಿವೆಯ ನೀರು ಹರಿದ ಹಿರಿಯೂರಿನ ಕಡೆ ಮಲೇರಿಯಾ ಜೋರಾಗಿದ್ದ ಕಾಲ ಅದು. ಆ ಹುಡುಗಿ ಅಲ್ಲಿನ ನಂಟರ ಮನೆಗೆ ಹೋಗಿ ಬಂದಿದ್ದಳಂತೆ.

ಈ ಪ್ರಶ್ನೆ ಮತ್ತೆ ನನ್ನನ್ನು ಕಾಡಿದ್ದು 2021ರ ಡಿಸೆಂಬರ್ 2ರಂದು. ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದವೆಂದು ಸುದ್ದಿ ಬಂತು. ಇಬ್ಬರಲ್ಲೊಬ್ಬರು ಹೊರದೇಶಕ್ಕೆ ಹೋದವರೇ ಅಲ್ಲ. ಸಾಮಾನ್ಯ ಪರೀಕ್ಷೆ ಕೊರೊನಾ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಯಾವ ತಳಿ ಎಂದು ತಿಳಿಯಬೇಕಾದರೆ ವೈರಸ್ಸಿನ ಜೀನೋಮನ್ನು ಅಕ್ಷರ ಬಿಡದೆ ಓದಬೇಕು. ನಮ್ಮ ವರ್ಣಮಾಲೆಗೆ 49 ಅಕ್ಷರ, ರೋಗಾಣುವಿನದಕ್ಕೆ ನಾಲ್ಕೇ. ಆ ನಾಲ್ಕರಲ್ಲೇ ಕೊರೊನಾದ್ದು ಸುಮಾರು 30,000 ಅಕ್ಷರಗಳ ಬರಹ, ಪ್ಲೇಗಿನದು ಸುಮಾರು 46 ಲಕ್ಷ. ನಮ್ಮ ಮಕ್ಕಳ ಹಾಗೆ ರೋಗಾಣುವೂ ನಕಲು ಮಾಡುವಾಗ ತಪ್ಪು ಬರೆಯುತ್ತದೆ. ಒಂದೇ ತಪ್ಪು ಇಬ್ಬರ ಉತ್ತರಪತ್ರಿಕೆಯಲ್ಲಿದ್ದರೆ ಯಾರು ಯಾರ ಪಕ್ಕ ಕುಳಿತಿದ್ದರೆಂದು ನಮಗೆ ತಿಳಿಯುವುದಿಲ್ಲವೆ? ವಿಜ್ಞಾನಿಗಳು ತಳಿಯ ಜಾಡು ಹಿಡಿಯುವುದೂ ಹಾಗೆಯೇ ನೋಡಿ.

ಇನ್ನೂ ಮುಂದೆ ಹೋಗಿ, ರೋಗಿಯ ರಕ್ತದಲ್ಲೋ ಕಫದಲ್ಲೋ ಇರುವ ಬರಹವನ್ನೆಲ್ಲ ಓದಿ, ಗೊತ್ತಿರುವ ರೋಗಾಣುಗಳೊಡನೆ ಹೋಲಿಸಿ, ಇಂಥದೇ ಜ್ವರವೆಂದು ಮೊದಲೇ ಊಹಿಸದೆಯೂ ಪತ್ತೆ ಹಚ್ಚಬಹುದು. ಆದರೆ ಖರ್ಚಿನ ಕೆಲಸ. ಹೊಸದುರ್ಗದಂಥ ಊರಿನಲ್ಲಿ ಜ್ವರ ಬಂದವರಿಗೆಲ್ಲ ಮಾಡಿಸುವ ಮಾತಲ್ಲ.

ಲಂಡನ್ನಿನಲ್ಲಿ 1348ರ ಮಹಾಮಾರಿಗೆ ಸತ್ತವರನ್ನು ಹೂಳಿದ ಜಾಗವೊಂದಿದೆ. ಅಲ್ಲಿ ಸಿಕ್ಕ ಹಲ್ಲುಗಳಿಂದ 2011ರಲ್ಲಿ ವಿಜ್ಞಾನಿಗಳು ಪ್ಲೇಗಿನ ಬರಹವನ್ನು ಓದಿ ತೆಗೆದರು. ಆರೂವರೆ ಶತಮಾನದ ಮೇಲೆ!

ಅಜ್ಜಿಯ ತಂಗಿಯನ್ನು ಹೂಳಿದ ಹೊಲ ಈಗ ಅಡಿಕೆ ತೋಟ. ಜಾಗ ತೋರಿಸಬಲ್ಲವರು ಯಾರೂ ಉಳಿದಿಲ್ಲ. ತೋರಿಸಿದರೂ ನಾನು ಅಗೆಸುವವಳಲ್ಲ.