ಕೀಲಿಮಣೆಯಿಂದ ಪಠ್ಯಕ್ರಮಕ್ಕೆ: ಗಣಕವಿಜ್ಞಾನ ಪದವಿಯಲ್ಲಿ ಕನ್ನಡದ ಭಾಷಾತಂತ್ರಜ್ಞಾನ

ಕನ್ನಡದ ಭಾಷಾತಂತ್ರಜ್ಞಾನದ ಚರಿತ್ರೆಯಲ್ಲಿ ತಂತ್ರಾಂಶಗಳ ಕಾಲಾನುಕ್ರಮವೇ ಮುನ್ನೆಲೆಗೆ ಬರುತ್ತದೆ. ಆ ವಿದ್ಯೆ ಪದವಿ ತರಗತಿಯನ್ನು ಹೇಗೆ ಪ್ರವೇಶಿಸಿತೆಂಬ ಪ್ರಶ್ನೆ ಹಿಂದುಳಿಯುತ್ತದೆ. ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಬೆಳಗಾವಿ ಜಿಲ್ಲೆಯ ನೆಲೆಯಿಂದ ಪರಿಶೀಲಿಸುತ್ತದೆ.

ಕನ್ನಡದ ಗಣಕೀಕರಣದ ಮೊದಲ ಘಟ್ಟವು ಬಹುಮಟ್ಟಿಗೆ ತರಗತಿಯ ಹೊರಗೆ ನಡೆಯಿತು. ಇಸ್ಕಿ ಸಂಕೇತಮಾನಕವೂ ಯೂನಿಕೋಡಿನ ಮೊದಲ ಆವೃತ್ತಿಯೂ 1991ರಲ್ಲಿ ಪ್ರಕಟವಾದವು. ಧ್ವನ್ಯಾತ್ಮಕ ಕೀಲಿಮಣೆಯನ್ನು ವಿನ್ಯಾಸಗೊಳಿಸಿದ ಕೆ.ಪಿ. ರಾವ್ ಅಕ್ಷರಜೋಡಣೆಯ ಕ್ಷೇತ್ರದಿಂದ ಬಂದವರು. 1998ರ ‘ಬರಹ’ ಶೇಷಾದ್ರಿವಾಸು ಅವರ ವೈಯಕ್ತಿಕ ಪ್ರಯತ್ನ. ‘ನುಡಿ’ ಕನ್ನಡ ಗಣಕ ಪರಿಷತ್ತಿನ ಕೊಡುಗೆ. ಇವೆಲ್ಲವೂ ಅಕ್ಷರದ ಸಮಸ್ಯೆಯನ್ನು ಬಗೆಹರಿಸಿದವು. ವ್ಯಾಕರಣದ ಸಮಸ್ಯೆಗೆ ಕೈಹಾಕಿದ್ದು ಕಾನ್ಪುರದ ಐಐಟಿಯಲ್ಲಿ ರೂಪುಗೊಂಡ ‘ಅನುಸಾರಕ’. ಅದು ಕನ್ನಡದಿಂದ ಹಿಂದಿಗೆ ಅರ್ಥವನ್ನು ದಾಟಿಸಲು ಯತ್ನಿಸಿತು. ಅದರ ಹಿಂದಿದ್ದ ಪಾಣಿನೀಯ ಚೌಕಟ್ಟು 1995ರಲ್ಲಿ ಅಕ್ಷರ ಭಾರತಿ ಹೆಸರಿನಲ್ಲಿ ಗ್ರಂಥರೂಪ ತಳೆಯಿತು.

1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದರ 2015 ಮತ್ತು 2018ರ ಪಠ್ಯಕ್ರಮಗಳಲ್ಲಿ ‘ನ್ಯಾಚುರಲ್ ಲಾಂಗ್ವೇಜ್ ಪ್ರೊಸೆಸಿಂಗ್’ ಏಳನೆಯ ಸೆಮಿಸ್ಟರಿನ ಐಚ್ಛಿಕ ವಿಷಯವಾಯಿತು. ಭಾರತೀಯ ಭಾಷೆಗಳ ಸಂಸ್ಕರಣೆ ಅದರ ಮೊದಲ ಘಟಕದ ಒಂದು ಉಪಶೀರ್ಷಿಕೆ ಮಾತ್ರ. 2018ರ ಪಠ್ಯಕ್ರಮದಲ್ಲಿಯೇ ಆಡಳಿತ ಕನ್ನಡ ಮತ್ತು ವ್ಯಾವಹಾರಿಕ ಕನ್ನಡ ಎಂಬ ವಿಷಯಗಳೂ ಇದ್ದವು. ಹೀಗೆ ಒಂದೇ ಪದವಿಯಲ್ಲಿ ಕನ್ನಡವು ಕಚೇರಿಯ ಸಾಧನವಾಗಿ ಒಂದೆಡೆ, ಭಾಷೆಯು ದತ್ತಾಂಶವಾಗಿ ಇನ್ನೊಂದೆಡೆ ನಿಂತವು.

ಈ ಅಂತರದ ಪರಿಣಾಮ ಕೇವಲ ಶೈಕ್ಷಣಿಕವಲ್ಲ. ಹುಕ್ಕೇರಿ ತಾಲ್ಲೂಕಿನ ದಡ್ಡಿ, ಪಕ್ಕದ ಗೋಕಾಕ, ಮೂಡಲಗಿಗಳ ಸೀಮೆಯಲ್ಲಿ ‘ಹೊಲದಾಗ ಕೆಲಸ ಮಾಡಾಕತ್ತಾನ’ ಎಂಬುದು ಸಹಜ ವಾಕ್ಯ. ಗ್ರಾಂಥಿಕ ಕನ್ನಡದಲ್ಲಿ ಅದು ‘ಹೊಲದಲ್ಲಿ ಕೆಲಸ ಮಾಡುತ್ತಿದ್ದಾನೆ’ ಎಂದಾಗುತ್ತದೆ. ಮೊದಲನೆಯದರಲ್ಲಿ ಸಪ್ತಮಿಯ ರೂಪ ಬೇರೆ. ಸಹಾಯಕ ಕ್ರಿಯಾಪದ ‘ಇರು’ ಅಲ್ಲ, ‘ಹತ್ತು’. ಗ್ರಾಂಥಿಕ ರೂಪಗಳನ್ನಷ್ಟೇ ಆಧರಿಸಿದ ಪದವಿಶ್ಲೇಷಕವು ಇದನ್ನು ತಪ್ಪೆಂದು ಎಣಿಸುತ್ತದೆ, ಇಲ್ಲವೇ ಬಿಡಿಸಲಾರದೆ ಕೈಬಿಡುತ್ತದೆ. ಆಗ ಯಂತ್ರಕ್ಕೆ ಅರ್ಥವಾಗಬೇಕಾದರೆ ಆಡುವವನೇ ತನ್ನ ನುಡಿಯನ್ನು ಬದಲಿಸಿಕೊಳ್ಳಬೇಕಾಗುತ್ತದೆ.

ಹುಕ್ಕೇರಿ ತಾಲ್ಲೂಕಿನ ನಿಡಸೋಶಿಯಲ್ಲಿಯೇ 1996ರಿಂದ ತಾಂತ್ರಿಕ ಮಹಾವಿದ್ಯಾಲಯವಿದೆ. ಈ ಸೀಮೆಯಿಂದ ಅಂತಹ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ‘ಮಾಡಾಕತ್ತಾನ’ದ ವ್ಯಾಕರಣ ಮನೆಯಲ್ಲಿಯೇ ದೊರೆತಿರುತ್ತದೆ, ಅದನ್ನು ನಿಯಮವಾಗಿ ಬರೆಯುವ ವಿಧಾನವನ್ನು ಪದವಿ ಕಲಿಸಬಲ್ಲದು. ಇವೆರಡನ್ನೂ ಜೋಡಿಸುವುದು ಭಾಷಾವಿಜ್ಞಾನದ ಹೊಣೆ. ಐಚ್ಛಿಕ ವಿಷಯದ ಪ್ರಾಯೋಗಿಕ ಕಾರ್ಯವಾಗಿ ಸ್ವಂತ ಊರಿನ ಕ್ರಿಯಾರೂಪಗಳ ವಿಶ್ಲೇಷಣೆಯನ್ನು ಸೇರಿಸುವುದು ಅದಕ್ಕೆ ಸಾಧ್ಯವಿರುವ ಮೊದಲ ಹೆಜ್ಜೆ.