ಟಿ4 ಹೆಚ್ಚಿದ್ದರೆ ಥೈರಾಯ್ಡ್ ಗ್ರಂಥಿಯದ್ದೇ ತಪ್ಪಾ?

‘ಟಿ3, ಟಿ4 ಹೆಚ್ಚು ಬಂದರೆ ಹೈಪರ್, ಕಡಿಮೆ ಬಂದರೆ ಹೈಪೋ’ ಎಂಬ ಚಾರ್ಟ್ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಬಹುತೇಕರ ಮಟ್ಟಿಗೆ ಅದು ಸರಿಯೇ. ಆದರೆ ಹುಟ್ಟುವ ಸುಮಾರು 40,000 ಮಕ್ಕಳಲ್ಲಿ ಒಬ್ಬರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರ ಗ್ರಂಥಿ ಚೆನ್ನಾಗಿಯೇ ಇರುತ್ತದೆ. ದೋಷ ಇರುವುದು ಹಾರ್ಮೋನನ್ನು ಬರಮಾಡಿಕೊಳ್ಳುವ ರಿಸೆಪ್ಟರ್ ಎಂಬ ಪ್ರೋಟೀನಿನಲ್ಲಿ.

ರಕ್ತದಲ್ಲಿ ಹಾರ್ಮೋನ್ ಇದ್ದರಷ್ಟೇ ಸಾಲದು. ಟಿ3 ಜೀವಕೋಶದೊಳಗೆ ಹೋಗಿ, ಡಿಎನ್‌ಎಗೆ ಅಂಟಿಕೊಂಡಿರುವ ರಿಸೆಪ್ಟರ್‌ನ ಒಂದು ಪುಟ್ಟ ಗುಳಿಯಲ್ಲಿ ಕೂರಬೇಕು. ಕೂತಾಗ ರಿಸೆಪ್ಟರ್‌ನ ಆಕಾರ ಬದಲಾಗಿ, ಅದು ಹಿಡಿದುಕೊಂಡಿದ್ದ ತಡೆ ಪ್ರೋಟೀನುಗಳು ಕಳಚಿಕೊಳ್ಳುತ್ತವೆ. ಜೀನ್ ಕೆಲಸ ಶುರುಮಾಡುತ್ತದೆ. ಟಿಎಚ್‌ಆರ್‌ಬಿ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಆ ಗುಳಿ ಕೆಡಬಹುದು. ಆಗ ಹಾರ್ಮೋನ್ ಸರಿಯಾಗಿ ಕೂರುವುದಿಲ್ಲ, ತಡೆ ಕಳಚುವುದಿಲ್ಲ.

ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ಬಂದಿರುತ್ತದಲ್ಲ, ಒಂದು ಸರಿಯಿದ್ದರೆ ಸಾಲದೇ? ಸಾಲದು. 1967ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ರೆಫೆಟಾಫ್ ಮತ್ತು ಸಂಗಡಿಗರು ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು ಒಡಹುಟ್ಟಿದವರಲ್ಲಿ. ಆ ಮಕ್ಕಳಲ್ಲಿ ಈ ಜೀನಿನ ಎರಡೂ ಪ್ರತಿಗಳೇ ಇಲ್ಲವೆಂದು ಆಮೇಲೆ ತಿಳಿಯಿತು. ಒಂದೇ ಪ್ರತಿಯಿದ್ದ ತಂದೆತಾಯಿ ಆರಾಮಾಗಿದ್ದರು! ಅಂದರೆ ಒಂದು ಪ್ರತಿ ಇಲ್ಲದಿದ್ದರೂ ನಡೆಯುತ್ತದೆ, ಕೆಟ್ಟ ಪ್ರತಿ ಇದ್ದರೆ ನಡೆಯುವುದಿಲ್ಲ. ಬಸ್ಸಿನ ಸೀಟಿಗೆ ಟವೆಲ್ ಹಾಕಿದವರ ಹಾಗೆ, ಕೆಟ್ಟ ರಿಸೆಪ್ಟರ್ ಡಿಎನ್‌ಎ ಮೇಲೆ ಜಾಗ ಹಿಡಿದು ಒಳ್ಳೆಯದಕ್ಕೆ ಬಿಟ್ಟುಕೊಡುವುದಿಲ್ಲ.

ಮೆದುಳಿನ ಬುಡದ ಪಿಟ್ಯುಟರಿಯೂ ಇದೇ ರಿಸೆಪ್ಟರ್ ನಂಬಿದೆ. ಹಾರ್ಮೋನ್ ಸಾಲದೆಂದುಕೊಂಡು ಅದು ಟಿಎಸ್‌ಎಚ್ ಕಳಿಸುತ್ತಲೇ ಇರುತ್ತದೆ. ಟಿ4 ಏರುತ್ತದೆ, ಕುತ್ತಿಗೆ ಊದಬಹುದು. ಹೃದಯದಲ್ಲಿ ಹೆಚ್ಚಾಗಿರುವುದು ಆಲ್ಫಾ ಎಂಬ ಇನ್ನೊಂದು ಬಗೆಯ ರಿಸೆಪ್ಟರ್. ಅದು ಸರಿಯಾಗಿದೆ, ಹಾಗಾಗಿ ಏರಿದ ಹಾರ್ಮೋನಿಗೆ ಎದೆ ಡವಡವ ಹೊಡೆದುಕೊಳ್ಳುತ್ತದೆ.

ಎದೆಬಡಿತ, ಊದಿದ ಕುತ್ತಿಗೆ, ಹೆಚ್ಚಿನ ಟಿ4: ನೋಡಿದವರು ಹೈಪರ್ ಎನ್ನುವುದು ಸಹಜ. ಹಾಗೆ ಗ್ರಂಥಿಯನ್ನು ತೆಗೆದೋ, ರೇಡಿಯೋ ಅಯೋಡಿನ್‌ನಿಂದ ಸುಟ್ಟೋ ಬಿಟ್ಟರೆ, ಮೊದಲೇ ಹೆಚ್ಚು ಹಾರ್ಮೋನ್ ಬೇಕಿದ್ದ ದೇಹಕ್ಕೆ ಜೀವನಪೂರ್ತಿ ಕೊರತೆ. ಸುಳಿವು ಟಿಎಸ್‌ಎಚ್‌ನಲ್ಲಿದೆ. ಸಾಮಾನ್ಯ ಹೈಪರ್‌ನಲ್ಲಿ ಅದು ತಳ ಸೇರುತ್ತದೆ. ಟಿ4 ಹೆಚ್ಚಿದ್ದೂ ಟಿಎಸ್‌ಎಚ್ ಇಳಿಯದಿದ್ದರೆ, ಎಂಡೋಕ್ರೈನಾಲಜಿಸ್ಟ್ ಬಳಿ ಕಾರಣ ಕೇಳಿ. ಲ್ಯಾಬ್ ಪರೀಕ್ಷೆಯ ತೊಡಕು ಅಥವಾ ಪಿಟ್ಯುಟರಿ ಗಡ್ಡೆಯೂ ಇರಬಹುದು. ಜೀನ್ ಪರೀಕ್ಷೆ ಆಮೇಲಿನ ಮಾತು. ಕೆಟ್ಟ ಪ್ರತಿ ಪ್ರತಿಯೊಂದು ಮಗುವಿಗೂ ದಾಟುವ ಸಾಧ್ಯತೆ ಶೇ. 50 ಇರುವುದರಿಂದ ಅಪ್ಪ, ಅಮ್ಮ, ಒಡಹುಟ್ಟಿದವರ ಹಳೆಯ ರಿಪೋರ್ಟುಗಳನ್ನೂ ಜೊತೆಗೆ ಒಯ್ಯಿರಿ.

ಹಲವರಿಗೆ ಚಿಕಿತ್ಸೆಯೇ ಬೇಕಾಗುವುದಿಲ್ಲ. ಎದೆಬಡಿತ ಕಾಡಿದರೆ ವೈದ್ಯರು ಬೀಟಾ ಬ್ಲಾಕರ್ ಮಾತ್ರೆ ಕೊಡುತ್ತಾರೆ. ಆ ಚಾರ್ಟಿನ ಜೊತೆಗೇ ಬರುವ ಧನಿಯಾ ನೀರಿನಿಂದ ಮಾತ್ರ ಕೆಟ್ಟ ಗುಳಿ ಸರಿಹೋಗದು.