ಬೆನ್ನುಹುರಿ ಪೆಟ್ಟು ಮತ್ತು ನರದ ಬೆಳವಣಿಗೆ ಅಂಶಗಳು: ಸಂಶೋಧನೆಯ ಇತಿಹಾಸ

ಬೆಳವಣಿಗೆ ಅಂಶಗಳೆಂದರೆ ನರಕೋಶ ಉಳಿಯಲು, ಚಿಗುರಲು, ಕೆಲವೊಮ್ಮೆ ಸಾಯಲು ಸಂಕೇತ ಮುಟ್ಟಿಸುವ ಪ್ರೋಟೀನುಗಳು. ಶಿಕಾರಿಪುರ, ಸೊರಬದಂಥ ಅಡಿಕೆ ಸೀಮೆಗೆ ಬೆನ್ನುಹುರಿ ಪೆಟ್ಟು ದೂರದ ವಿಷಯವಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಾದದ್ದು ಮಳೆಗಾಲದಲ್ಲೇ, ಅಂದರೆ ಮರ ಪಾಚಿಗಟ್ಟಿ ಜಾರುವ ಹೊತ್ತಿನಲ್ಲೇ. ಕೊಯ್ಲಿನಲ್ಲಿ ಕೊನೆಗಾರ ಒಂದು ಮರದ ತುದಿಯಿಂದ ಬಾಗಿ ಪಕ್ಕದ ಮರ ಹಿಡಿದು ದಾಟುತ್ತಾನೆ. ಭಾರತದಲ್ಲಿ ಬೆನ್ನುಹುರಿ ಪೆಟ್ಟಿನ ಮುಖ್ಯ ಕಾರಣಗಳಲ್ಲಿ ರಸ್ತೆ ಅಪಘಾತದ ಜೊತೆಗೆ ಎತ್ತರದಿಂದ ಬೀಳುವುದೂ ಸೇರಿದೆ. ತುಂಡಾದ ಕೈನರವನ್ನು ಹೊಲಿದರೆ ದಿನಕ್ಕೆ ಸುಮಾರು 1 ಮಿ.ಮೀ.ನಂತೆ ಬೆಳೆಯುತ್ತದೆ, ಬೆನ್ನುಹುರಿಯ ನರತಂತು ಯಾಕೆ ಬೆಳೆಯದು? ಪೋಷಣೆ ಸಾಲದು ಎಂಬುದು ಹಳೆಯ ಉತ್ತರ. ಅದು ಅರ್ಧ ಸತ್ಯವೆಂದು ಮುಂದಿನ ಪ್ರಯೋಗಗಳೇ ತೋರಿಸಿದವು.

ಆ ಉತ್ತರಕ್ಕೆ ಆಧಾರವಿರಲಿಲ್ಲವೆಂದಲ್ಲ. 1911ರಲ್ಲಿ ಸ್ಪೇನಿನ ಟೆಲ್ಲೊ ಮೊಲದ ಮಿದುಳಿನಲ್ಲಿ ಕಾಲಿನ ನರದ ತುಣುಕು ನೆಟ್ಟಾಗ ಮಿದುಳಿನ ತಂತುಗಳು ಅದರೊಳಕ್ಕೆ ಬೆಳೆದವು. ತುಣುಕು ಏನನ್ನೋ ಸ್ರವಿಸುತ್ತಿರಬೇಕೆಂದು ಅವನ ಗುರು ರಮೋನ್ ಇ ಕಹಾಲ್ ತರ್ಕಿಸಿದ. 1950ರ ದಶಕದಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೊಹೆನ್ ಅಂಥದೊಂದು ವಸ್ತುವನ್ನು ಬೇರ್ಪಡಿಸಿದರು. ಇಲಿಯ ಗಡ್ಡೆಯ ಸಾರದಲ್ಲಿದ್ದ ನ್ಯೂಕ್ಲಿಯಿಕ್ ಆಮ್ಲ ಒಡೆಯಲೆಂದು ಹಾಕಿದ ಹಾವಿನ ವಿಷದಲ್ಲೇ ಆ ವಸ್ತು ಹೆಚ್ಚಾಗಿ ಸಿಕ್ಕಿತು! ಅದೇ ಎನ್‌ಜಿಎಫ್ (ನರ ಬೆಳವಣಿಗೆ ಅಂಶ), 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು. 1982ರಲ್ಲಿ ಬಾರ್ಡ್ ಮತ್ತು ಥೋನೆನ್ ಹಂದಿಯ ಮಿದುಳಿನಿಂದ ಬಿಡಿಎನ್‌ಎಫ್ ಎಂಬ ಇನ್ನೊಂದು ಬೆಳವಣಿಗೆ ಅಂಶ ತೆಗೆದರು. ಆ ಹೊತ್ತಿಗಾಗಲೇ, 1981ರಲ್ಲಿ, ಡೇವಿಡ್ ಮತ್ತು ಅಗ್ವಾಯೊ ಕೆನಡಾದಲ್ಲಿ ಬಿಳಿ ಇಲಿಗೆ ಕಾಲಿನ ನರದ ಸೇತುವೆ ಕಟ್ಟಿದ್ದರು. ಬೆನ್ನುಹುರಿಯ ತಂತುಗಳು ಅದರಲ್ಲಿ ಸುಮಾರು 3 ಸೆಂ.ಮೀ. ಬೆಳೆದು, ಮರಳಿ ಹುರಿಯೊಳಕ್ಕೆ ಕಾಲಿಟ್ಟೊಡನೆ ನಿಂತುಬಿಟ್ಟವು. ಈ ನಿಲುಗಡೆಯೇ ಇತಿಹಾಸದ ತಿರುವು ಎಂದು ನನ್ನ ಎಣಿಕೆ. ಬೆಳೆಯುವ ಶಕ್ತಿ ತಂತುವಿಗಿತ್ತು, ಸುತ್ತಲಿನ ನೆಲ ಬೇಡವೆಂದಿತು.

ಆಮೇಲಿನ ಶೋಧಗಳು ಈ ಓದನ್ನೇ ಗಟ್ಟಿಮಾಡಿದವು. ಹುರಿಯ ತಂತುಗಳನ್ನು ಸುತ್ತುವ ಮಯಲಿನ್ ಪೊರೆಯಲ್ಲೇ ಬೆಳವಣಿಗೆ ತಡೆಯುವ ಪ್ರೋಟೀನುಗಳಿವೆಯೆಂದು 1988ರಲ್ಲಿ ಶ್ವಾಬ್ ತಂಡ ತೋರಿಸಿತು. ಒಂದೇ ಅಂಶ ಎರಡು ವಿರುದ್ಧ ಕೆಲಸ ಮಾಡುವುದೂ ತಿಳಿಯಿತು: ಪಕ್ವ ಎನ್‌ಜಿಎಫ್ ಟಿಆರ್‌ಕೆ ಗ್ರಾಹಕಕ್ಕೆ ಅಂಟಿದರೆ ಕೋಶ ಬದುಕುತ್ತದೆ, ಪಕ್ವವಾಗದ ರೂಪ ಪಿ75 ಗ್ರಾಹಕಕ್ಕೆ ಅಂಟಿ, ಪೆಟ್ಟಾದ ಹುರಿಯಲ್ಲಿ ಮಯಲಿನ್ ಕಟ್ಟುವ ಕೋಶಗಳನ್ನು ಕೊಲ್ಲುತ್ತದೆ. ಎನ್‌ಜಿಎಫ್ ಹೆಚ್ಚಾದರೆ ನೋವಿನ ತಂತುಗಳು ಅಡ್ಡಾದಿಡ್ಡಿ ಚಿಗುರುತ್ತವೆ. ಮೂತ್ರಕೋಶ ತುಂಬಿದರೆ ಸಾಕು, ರಕ್ತದೊತ್ತಡ ಹಠಾತ್ತನೆ ಏರುವ ಅಪಾಯಕ್ಕೂ ಇದರ ನಂಟಿದೆ. ಗೊಬ್ಬರದಂತೆ ಸುರಿಯುವ ವಸ್ತು ಇದಲ್ಲ.

ಔಷಧ ಗಾಯದ ಜಾಗಕ್ಕೆ ತಲುಪದಿರುವುದೇ ನಿಜವಾದ ತೊಡಕು ಎಂದು ಆಕ್ಷೇಪಿಸುವವರಿದ್ದಾರೆ. ಬಿಡಿಎನ್‌ಎಫ್ ರಕ್ತದಿಂದ ಮಿದುಳಿಗೆ ಸರಿಯಾಗಿ ದಾಟದು, ಬೇಗ ಕರಗಿಯೂ ಹೋಗುತ್ತದೆ; ಆದ್ದರಿಂದ ಮಾತು ತೂಕದ್ದೇ. ಆದರೆ 2018ರಲ್ಲಿ ವೈರಸ್ ಮತ್ತು ಜೆಲ್ ಮೂಲಕ ಅಂಶಗಳನ್ನು ಗಾಯದ ಜಾಗಕ್ಕೇ ತಲುಪಿಸಿದಾಗ ತಂತುಗಳು ಗಾಯ ದಾಟಿದರೂ ಪ್ರಾಣಿಗಳಿಗೆ ನಡಿಗೆ ಮರಳಲಿಲ್ಲ. 2023ರಲ್ಲಿ ಆಯ್ದ ನರಕೋಶಗಳ ತಂತುಗಳನ್ನು ಅವುಗಳ ಸಹಜ ಗುರಿಯತ್ತಲೇ ಸೆಳೆದಾಗ ಇಲಿಗಳು ನಡೆದವು. ಇಲಿಯಲ್ಲಿ ತಂತು ಸಾಗಬೇಕಾದ ದೂರ ಮನುಷ್ಯನದಕ್ಕಿಂತ ತೀರಾ ಕಡಿಮೆ ಎಂಬ ಇನ್ನೊಂದು ಆಕ್ಷೇಪಕ್ಕೆ ಮಾತ್ರ ಉತ್ತರವಿನ್ನೂ ಬಂದಿಲ್ಲ. ಎನ್‌ಜಿಎಫ್ ಕಣ್ಣಿನ ಹನಿಯಾಗಿ ಒಪ್ಪಿಗೆ ಪಡೆದಿದೆ, ಬೆನ್ನುಹುರಿಗಲ್ಲ.

ಹಾಗಾಗಿ ಮರದಿಂದ ಬಿದ್ದವನಿಗೆ ಇಂದು ಮುಖ್ಯವಾದದ್ದು ಬೆನ್ನು ಬಾಗದಂತೆ ಹಲಗೆಯ ಮೇಲೆ ಸಾಗಿಸುವುದು, ಮೂತ್ರಕೋಶದ ಆರೈಕೆ, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ವ್ಯಾಯಾಮ. ಬೆಂಗಳೂರಿನ ನಿಮ್ಹಾನ್ಸ್‌ನ ಪುನಶ್ಚೇತನ ವಿಭಾಗ ಮಾಡುವುದೂ ಈ ಬಗೆಯ ಕೆಲಸವನ್ನೇ. ಇದನ್ನು ಅಣುಶಾಸ್ತ್ರಕ್ಕೆ ಎದುರಾಗಿ ನಿಲ್ಲಿಸಬೇಕಿಲ್ಲ: ಬೆನ್ನುಹುರಿಗೆ ಪೆಟ್ಟಾದ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದಾಗ ಅವುಗಳ ಹುರಿಯಲ್ಲೇ ಬಿಡಿಎನ್‌ಎಫ್ ಹೆಚ್ಚಿತ್ತು.